ಟ್ರೆಂಡ್ ಆಯಿತು, ಜನ ಬರಲಿಲ್ಲ: ಹ್ಯಾಶ್‌ಟ್ಯಾಗ್ ಬಿಟ್ಟು ಬೀದಿಗೆ ಇಳಿಯಬೇಕಾ?

ಪ್ರಶ್ನೆ: ನನಗೆ 27 ವರ್ಷ. ಒಂದು ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಬಡಾವಣೆ ಪಕ್ಕದ ಕೆರೆಗೆ ಎರಡು ವರ್ಷದಿಂದ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ ಚೂರು ತಂದು ಸುರಿಯುತ್ತಿದ್ದಾರೆ. ಒಂದು ಮೂಲೆ ಆಗಲೇ ಮೈದಾನ ಆಗಿದೆ. ನಾವು ಐದು ಜನ ಗೆಳೆಯರು ಸೇರಿ ಒಂದು ಹ್ಯಾಶ್‌ಟ್ಯಾಗ್ ಶುರು ಮಾಡಿದೆವು. ಒಂದು ಶನಿವಾರ ಸಂಜೆ ಅದು ಟ್ರೆಂಡ್ ಆಯಿತು. ಆರು ಸಾವಿರಕ್ಕೂ ಜಾಸ್ತಿ ಪೋಸ್ಟ್ ಬಂತು, ಸಿನಿಮಾ ನಟರೊಬ್ಬರೂ ಹಂಚಿಕೊಂಡರು. ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಕೆರೆ ಏರಿ ಮೇಲೆ ಸೇರೋಣ ಎಂದು ಕರೆ ಕೊಟ್ಟೆವು. ಬಂದವರು 14 ಜನ. ಅದರಲ್ಲಿ ಐದು ಜನ ನಾವೇ! ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರ್ ಮತ್ತೆ ಬಂತು. ರೈತ ಸಂಘದಲ್ಲಿ ಓಡಾಡಿದ ನಮ್ಮ ದೊಡ್ಡಪ್ಪ "ನಾವು ಕಾಲಲ್ಲಿ ಚಳವಳಿ ಮಾಡಿದ್ವಿ, ನೀವು ಬೆರಳಲ್ಲಿ ಮಾಡ್ತಿದೀರಿ" ಎಂದು ನಕ್ಕರು. ಕಾಲೇಜಿನಲ್ಲಿ ಹಿರಿಯರೊಬ್ಬರು ಕರೆದು "ಇದೆಲ್ಲಾ ನಿಮಗೆ ಬೇಕಾ ಮೇಡಂ?" ಎಂದರು. ಆನ್‌ಲೈನ್ ಹೋರಾಟ ನಿಜಕ್ಕೂ ಸುಮ್ನೆ ಸದ್ದಾ? ಧರಣಿ ಕೂತರೆ ಮಾತ್ರ ಕೆಲಸ ಆಗುತ್ತಾ? ಕೇಸು ಗೀಸು ಬಿದ್ದರೆ ಏನು ಮಾಡಲಿ?

ಉತ್ತರ: 14 ಜನ ಎನ್ನುವುದನ್ನು ನೀವು ನಾಚಿಕೆಯಿಂದ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಭರವಸೆ ಕೊಟ್ಟದ್ದು ಆ ಸಂಖ್ಯೆಯೇ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ. ಆ ಹೊಸ ಒಂಬತ್ತು ಜನರ ಹೆಸರು, ಮನೆ, ಫೋನ್ ನಂಬರ್ ಬರೆದುಕೊಂಡಿರಾ? ಇಲ್ಲ ಎಂದಾದರೆ ಈ ವಾರದ ಮೊದಲ ಕೆಲಸ ಅದೇ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಇಪ್ಪತ್ತು ವರ್ಷಗಳಿಂದ ನಾನು ಬಡಾವಣೆ ಸಂಘಗಳು, ಕೆರೆ ಸಮಿತಿಗಳು, ಸಣ್ಣ ಸಣ್ಣ ಹೋರಾಟದ ಗುಂಪುಗಳ ಜೊತೆ ಕೂತು ಮುಂದೇನು ಮಾಡಬೇಕು ಎಂದು ಯೋಚಿಸುವ ಕೆಲಸ ಮಾಡುತ್ತಿದ್ದೇನೆ. ನಿಮ್ಮಂಥ ಪತ್ರಗಳು ಈಗೀಗ ಜಾಸ್ತಿ ಬರುತ್ತಿವೆ. ಎಲ್ಲದರಲ್ಲೂ ಒಂದೇ ಗೊಂದಲ. ಪರದೆ ಮೇಲೆ ಸಾವಿರಾರು ಜನ, ಏರಿ ಮೇಲೆ ಯಾರೂ ಇಲ್ಲ. ಹಾಗಾದರೆ ಆ ಸಾವಿರಾರು ಜನ ಸುಳ್ಳಾ?

ಸುಳ್ಳಲ್ಲ. ಆದರೆ ಟ್ರೆಂಡ್ ಎಂದರೆ ಏನು ಎನ್ನುವುದು ನಮಗೆ ಸರಿಯಾಗಿ ಗೊತ್ತಿಲ್ಲ. ಒಂದು ವಿಷಯದ ಬಗ್ಗೆ ಒಟ್ಟು ಎಷ್ಟು ಜನ ಮಾತಾಡಿದರು ಎಂಬುದಕ್ಕಿಂತ, ಎಷ್ಟು ಬೇಗ ಎಷ್ಟು ಮಾತು ಏರಿತು ಎಂಬುದನ್ನೇ ಆ ವ್ಯವಸ್ಥೆ ಜಾಸ್ತಿ ಗಮನಿಸುತ್ತದೆ. ಅದಕ್ಕೇ ಎಲ್ಲರೂ "ಸಂಜೆ 6 ಗಂಟೆಗೆ ಒಟ್ಟಿಗೆ ಪೋಸ್ಟ್ ಮಾಡಿ" ಎಂದು ಕರೆ ಕೊಡುವುದು. ಹಾಲು ಉಕ್ಕಿದ ಹಾಗೆ ಅದು. ಉಕ್ಕಿದ್ದು ಇಡೀ ಮನೆಗೆ ಗೊತ್ತಾಗುತ್ತದೆ. ಪಾತ್ರೆಯಲ್ಲಿ ಹಾಲು ಎಷ್ಟಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ. ನಿಮ್ಮ ಆರು ಸಾವಿರ ಪೋಸ್ಟ್ ಎಂದರೆ ಆರು ಸಾವಿರ ಜನ ಅಲ್ಲ. ಒಬ್ಬೊಬ್ಬರು ಹತ್ತು, ಇಪ್ಪತ್ತು ಹಾಕಿರುತ್ತಾರೆ. ಆ ನಟರ ಅಭಿಮಾನಿಗಳು ನಟರಿಗಾಗಿ ಹಂಚಿರುತ್ತಾರೆ. ನಿಮ್ಮೂರಿನಲ್ಲಿ ಹುಟ್ಟಿ ಬೆಂಗಳೂರಿಗೋ ದುಬೈಗೋ ಹೋದವರು ಊರಿನ ನೆನಪಿಗೆ ಒಂದು ಹಾಕಿರುತ್ತಾರೆ. ಅವರ ಪ್ರೀತಿ ನಿಜ. ಆದರೆ ಭಾನುವಾರ ಸಂಜೆ ನಾಲ್ಕಕ್ಕೆ ಅವರು ನಿಮ್ಮ ಕೆರೆ ಏರಿಗೆ ಬರುವುದು ಹೇಗೆ?

ಈಗ ದೊಡ್ಡಪ್ಪನವರ ಮಾತಿಗೆ ಬರೋಣ. ಅವರಲ್ಲಿ ಅರ್ಧ ಸರಿ ಇದೆ, ಅರ್ಧ ಮರೆವಿದೆ.

ಹಳೆಯ ಚಳವಳಿಗಳೆಲ್ಲ ಬರೀ ಕಾಲಿನಿಂದ ನಡೆದವು ಎನ್ನುವುದು ನಾವು ಆಮೇಲೆ ಕಟ್ಟಿಕೊಂಡ ಕಥೆ. ಗೋಕಾಕ್ ಚಳವಳಿಯನ್ನೇ ನೋಡಿ. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಎಂಬ ಶಿಫಾರಸು ಅದರಲ್ಲಿತ್ತು. ಸಾಹಿತಿಗಳು, ಪ್ರಾಧ್ಯಾಪಕರು ಅದಕ್ಕಾಗಿ ಸಭೆ ಮಾಡಿದರು, ಲೇಖನ ಬರೆದರು, ಧರಣಿ ಕೂತರು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗೆ ಬಂದ ಮೇಲೆ ಅದು ಊರೂರಿನ ಮಾತಾಯಿತು. ಅಣ್ಣಾವ್ರ ಮುಖ ಅಂದು ಮಾಡಿದ ಕೆಲಸ ಇವತ್ತಿನ ಹ್ಯಾಶ್‌ಟ್ಯಾಗ್ ಮಾಡುವ ಕೆಲಸವೇ ಅಲ್ವಾ? ಗೊತ್ತಿಲ್ಲದವರಿಗೆ ಗೊತ್ತು ಮಾಡುವುದು, ದೂರ ಇದ್ದವರನ್ನು ಹತ್ತಿರ ತರುವುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಅಪ್ಪಿಕೊಂಡದ್ದು ಕೈಗಳೇ, ನಿಜ. ಆದರೆ ಸುದ್ದಿ ಊರಿಂದ ಊರಿಗೆ ಹೋದದ್ದು ಪಾದಯಾತ್ರೆ, ಬೀದಿ ನಾಟಕ, ಸ್ಲೈಡ್ ಪ್ರದರ್ಶನಗಳಿಂದ. ಪ್ರತಿ ಕಾಲದ ಚಳವಳಿಗೂ ಅದರದ್ದೇ ಡಂಗುರ ಇತ್ತು. ನಿಮ್ಮ ಕಾಲದ್ದು ಫೋನಿನಲ್ಲಿದೆ, ಅಷ್ಟೇ.

ಹಾಗಾದರೆ ದೊಡ್ಡಪ್ಪ ಸರಿ ಇರುವುದು ಎಲ್ಲಿ? ಡಂಗುರಕ್ಕೂ ಜಾತ್ರೆಗೂ ನಡುವೆ ಇರುವ ಕೆಲಸದಲ್ಲಿ.

ಅವರನ್ನೇ ಕೇಳಿ. ಆಗ ಒಂದು ಮೆರವಣಿಗೆಗೆ ಐನೂರು ಜನ ಸೇರಿಸಬೇಕು ಎಂದರೆ ಏನೇನು ಮಾಡುತ್ತಿದ್ದರು? ಕರಪತ್ರ ಅಚ್ಚಾಗಬೇಕು. ಅದರ ದುಡ್ಡನ್ನು ಅಂಗಡಿ ಅಂಗಡಿಗೆ ಹೋಗಿ ಎತ್ತಬೇಕು. ಆಟೋಗೆ ಮೈಕ್ ಕಟ್ಟಿಸಬೇಕು. ಯಾವ ಊರಿಂದ ಟ್ರ್ಯಾಕ್ಟರ್ ಬರುತ್ತೆ, ಡೀಸೆಲ್ ಯಾರು ಹಾಕಿಸ್ತಾರೆ, ಚಿತ್ರಾನ್ನ ಯಾರ ಮನೆಯಲ್ಲಿ ಕಲಸುವುದು, ಪೊಲೀಸರ ಹತ್ತಿರ ಮಾತಾಡುವವರು ಯಾರು, ಯಾರಿಗೆ ಬೇಗ ಸಿಟ್ಟು ಬರುತ್ತೆ, ಅವರನ್ನು ಯಾರ ಪಕ್ಕ ನಿಲ್ಲಿಸಬೇಕು. ಇಷ್ಟಕ್ಕೆ ಮೂರು ವಾರ ಬೇಕಾಗುತ್ತಿತ್ತು. ಆ ಮೂರು ವಾರ ದಂಡ ಅಂತ ಆಗ ಅನ್ನಿಸಿರಬಹುದು. ಆದರೆ ಮೆರವಣಿಗೆ ಮುಗಿದ ಮಾರನೇ ದಿನ ಮೂವತ್ತು ಜನ ಪರಸ್ಪರ ಬಲ್ಲವರು ಉಳಿಯುತ್ತಿದ್ದರು. ಯಾರ ಮಾತು ನಂಬಬಹುದು, ಯಾರದ್ದು ಬರೀ ಬಾಯಿ ಎಂಬುದು ತಿಳಿದಿರುತ್ತಿತ್ತು. ಸರ್ಕಾರ ಇಲ್ಲ ಎಂದರೆ ಮುಂದಿನ ಹೆಜ್ಜೆ ಇಡುವುದಕ್ಕೆ ಆ ಮೂವತ್ತು ಜನ ಸಾಕಾಗುತ್ತಿದ್ದರು.

ಹ್ಯಾಶ್‌ಟ್ಯಾಗ್ ಈ ಕ್ರಮವನ್ನು ತಿರುಗಿಸಿಬಿಟ್ಟಿದೆ. ಈಗ ಗುಂಪು ಮೊದಲು ಬರುತ್ತದೆ, ಪರಿಚಯ ಆಮೇಲೆ. ಎಷ್ಟೋ ಸಲ ಪರಿಚಯ ಬರುವುದೇ ಇಲ್ಲ. ನಿಮಗೆ ಆಗಿದ್ದು ಇದೇ. ಆರು ಸಾವಿರ ಪೋಸ್ಟ್ ಒಂದು ಸಂಜೆಯಲ್ಲಿ ಸಿಕ್ಕಿತು. ಮೂರು ವಾರದ ಕೆಲಸ ಹಾಗೇ ಬಾಕಿ ಉಳಿಯಿತು.

ಕಚೇರಿಯಲ್ಲಿ ಕೂತ ಅಧಿಕಾರಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕೆಲವು ವರ್ಷಗಳ ಹಿಂದೆ ಒಂದು ಕೆರೆ ಗುಂಪಿನ ಜೊತೆ ಅಧಿಕಾರಿಯೊಬ್ಬರನ್ನು ನೋಡಲು ಹೋಗಿದ್ದೆ. ಊರು, ಕಚೇರಿ ಯಾವುದು ಎನ್ನುವುದು ಬೇಡ. ನಮ್ಮ ಹುಡುಗರು ಟ್ರೆಂಡ್ ಆದ ಸ್ಕ್ರೀನ್‌ಶಾಟ್‌ಗಳನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದಿದ್ದರು. ಅಧಿಕಾರಿ ಎರಡು ಹಾಳೆ ತಿರುಗಿಸಿದರು. "ತುಂಬಾ ಚೆನ್ನಾಗಿ ಮಾಡಿದ್ದೀರಿ" ಎಂದು ಪಕ್ಕಕ್ಕಿಟ್ಟು ಅದರ ಮೇಲೆ ಟೀ ಲೋಟ ಇಟ್ಟರು. ಗುಂಪಿನಲ್ಲಿ ಆ ಕೆರೆಯಲ್ಲಿ ಮೀನು ಹಿಡಿಯುವ ಮನೆಯ ಹೆಂಗಸೊಬ್ಬರು ಇದ್ದರು. ಅಲ್ಲಿತನಕ ಒಂದೂ ಮಾತಾಡಿರಲಿಲ್ಲ. ಎದ್ದು ಹೊರಡುವಾಗ "ಮಂಗಳವಾರ ಮತ್ತೆ ಬರ್ತೀವಿ ಸಾರ್, ನಮ್ಮ ಕೇರಿಯೋರೆಲ್ಲ ಬರ್ತಾರೆ" ಎಂದರು. ಅಧಿಕಾರಿ ತಲೆ ಎತ್ತಿದರು. ಎಷ್ಟು ಜನ ಎಂದು ಕೇಳಿದರು. "ಸಂಘದಾಗೆ ನಲವತ್ತೆರಡು ಮನೆ ಐತೆ" ಎಂದರು ಆಕೆ. ಡೈರಿ ತೆಗೆದು ಮಂಗಳವಾರದ ಪುಟದಲ್ಲಿ ಅವರು ಏನೋ ಬರೆದುಕೊಂಡರು. ಸೋಮವಾರವೇ ಸರ್ವೇಯರ್ ಕೆರೆ ಹತ್ತಿರ ಬಂದಿದ್ದರು.

ಆ ಅಧಿಕಾರಿ ಕೆಟ್ಟವರೇನಲ್ಲ. ಅವರಿಗೆ ದಿನಕ್ಕೆ ಇಪ್ಪತ್ತು ಒತ್ತಡ. ಯಾವುದು ತಾನಾಗೇ ಇಳಿಯುತ್ತೆ, ಯಾವುದು ಇಳಿಯುವುದಿಲ್ಲ ಎಂದು ಅವರು ಲೆಕ್ಕ ಹಾಕುತ್ತಿರುತ್ತಾರೆ. ಟ್ರೆಂಡ್ ಮಾರನೇ ದಿನ ಇಳಿಯುತ್ತೆ ಎಂದು ಅವರಿಗೆ ಗೊತ್ತು. ನಲವತ್ತೆರಡು ಮನೆ ಇಳಿಯುವುದಿಲ್ಲ ಎಂದೂ ಗೊತ್ತು.

ಇಷ್ಟು ಹೇಳಿದ ಮೇಲೆ ಆನ್‌ಲೈನ್ ಹೋರಾಟ ದಂಡ ಎಂಬ ತೀರ್ಮಾನಕ್ಕೆ ಬರಬೇಡಿ. ಅದೂ ತಪ್ಪು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದ ತನಕ, ಸುಮಾರು 6.7 ಕಿಲೋಮೀಟರ್. ವೆಚ್ಚ 1,700 ಕೋಟಿ ರೂಪಾಯಿಗೂ ಮೇಲೆ. ಅದಕ್ಕಾಗಿ 812 ಮರ ಕಡಿಯಬೇಕಿತ್ತು. 2016ರ ಶರತ್ಕಾಲದಲ್ಲಿ #ಸ್ಟೀಲ್‌ಫ್ಲೈಓವರ್‌ಬೇಡ ಎಂಬ ಹ್ಯಾಶ್‌ಟ್ಯಾಗ್ ನಗರವನ್ನೆಲ್ಲ ಸುತ್ತಿತು. ಹೆಸರೇ ಎಷ್ಟು ಚೆನ್ನಾಗಿತ್ತು ನೋಡಿ. "ಬೇಡ" ಎನ್ನುವ ಒಂದೇ ಕನ್ನಡ ಪದ, ಕನ್ನಡ ಬಾರದವರ ಬಾಯಲ್ಲೂ ಓಡಾಡಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ನಿವೃತ್ತರು, ಅಲ್ಲಿತನಕ ಒಂದು ಪ್ರತಿಭಟನೆಗೂ ಹೋಗದ ಐಟಿಯವರು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹ್ಯಾಶ್‌ಟ್ಯಾಗ್ ಬಂತು, ಜನ ಬಂದರು, ಸರ್ಕಾರ ಮಣಿಯಿತು ಎಂದು. ಹಾಗಲ್ಲ. ಸರಪಳಿ ನಿಂತ ದಿನ ಸರ್ಕಾರ ಏನೂ ಮಣಿಯಲಿಲ್ಲ. ಅದೇ ತಿಂಗಳ ಕೊನೆಗೆ ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. ಹೈಕೋರ್ಟಿನಲ್ಲಿ ಅರ್ಜಿ ನಡೆಯುತ್ತಿತ್ತು. ಯೋಜನೆಯ ಕಾಗದ ಪತ್ರ ತೆಗೆಸಿ ಸಾಲು ಸಾಲು ಓದಿದವರಿದ್ದರು. ಇದರ ನಡುವೆ ಕಿಕ್‌ಬ್ಯಾಕ್ ಆರೋಪದ ರಾಜಕೀಯವೂ ಎದ್ದಿತು, ವಿಧಾನಸಭೆ ಚುನಾವಣೆಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. 2017ರ ಮಾರ್ಚ್ 2ರಂದು ಆಗಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿದ್ದೇವೆ ಎಂದರು. ಸರಪಳಿ ನಿಂತದ್ದಕ್ಕೂ ಈ ಮಾತಿಗೂ ನಡುವೆ ನಾಲ್ಕೂವರೆ ತಿಂಗಳು ಇದೆ. ಹೋರಾಟ ಗೆದ್ದದ್ದು ಆ ನಾಲ್ಕೂವರೆ ತಿಂಗಳಲ್ಲಿ. ಹ್ಯಾಶ್‌ಟ್ಯಾಗ್ ಬಾಗಿಲು ತೆರೆಯಿತು, ಒಳಗೆ ಹೋಗಿ ಕೂತವರು ಬೇರೆ.

ಬೆಂಗಳೂರು ಮೆಟ್ರೋದ ಹಿಂದಿ ಫಲಕಗಳ ವಿಷಯದಲ್ಲೂ ಹಾಗೇ. 2017ರ ಜೂನಿನಲ್ಲಿ #ನಮ್ಮಮೆಟ್ರೋಹಿಂದಿಬೇಡ ಎಂದು ಶುರುವಾದದ್ದು ಆನ್‌ಲೈನಿನಲ್ಲಿ. ಜುಲೈ ಹೊತ್ತಿಗೆ ಕನ್ನಡ ಸಂಘಟನೆಗಳು ನಿಲ್ದಾಣಕ್ಕೆ ಹೋಗಿದ್ದವು, ಕೆಲವು ಕಡೆ ಹಿಂದಿ ಬರಹಕ್ಕೆ ಮಸಿ ಬಿದ್ದಿತ್ತು. ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು, ಹಿಂದಿ ಫಲಕ ಹೋಯಿತು. ಇಲ್ಲಿ ಆನ್‌ಲೈನ್ ಜಾಸ್ತಿ ಕೆಲಸ ಮಾಡಿತು ಎಂದು ನಾನು ಒಪ್ಪುತ್ತೇನೆ. ಯಾಕೆಂದರೆ ಬೇಡಿಕೆ ಚಿಕ್ಕದು, ಸ್ಪಷ್ಟ. ಒಂದು ಸಾಲು ತೆಗೆಯಬೇಕು, ಅಷ್ಟೇ. ತೆಗೆದರೆ ಯಾರ ಜಮೀನೂ ಹೋಗುವುದಿಲ್ಲ, ಯಾರ ಗುತ್ತಿಗೆಯೂ ನಿಲ್ಲುವುದಿಲ್ಲ.

ದುಡ್ಡು ಇರುವ ಕಡೆ ಲೆಕ್ಕವೇ ಬೇರೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮಳೆ, ಬಿಸಿಲು, ಎರಡು ಸರ್ಕಾರ. ಸಾವಿರ ದಿನ ದಾಟಿತು. ಅವರ ಧರಣಿಗೆ ದಿನಾ ಟ್ರೆಂಡ್ ಏನೂ ಇರಲಿಲ್ಲ. 2025ರ ಜೂನ್ ಕೊನೆಗೆ ದೇವನಹಳ್ಳಿ ಚಲೋ ನಡೆಯಿತು, ಪೊಲೀಸರು ಹೋರಾಟಗಾರರನ್ನು ಎತ್ತಿಕೊಂಡು ಹೋದರು, ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂತು. ಆಗ ಫೋನುಗಳೆಲ್ಲ ಎಚ್ಚೆತ್ತವು. ನಟರು, ಬರಹಗಾರರು, ಊರಲ್ಲಿ ಜಮೀನಿರುವ ಟೆಕ್ಕಿಗಳು ಎಲ್ಲರೂ ಬರೆದರು. ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಕೊನೆಯ ಮೂರು ವಾರ ಮಾತ್ರ ನೋಡಿದವರಿಗೆ ಅದು ಆನ್‌ಲೈನ್ ಗೆಲುವು. ಮೊದಲ ಮೂರು ವರ್ಷ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ದೂರದ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅದು ನನ್ನನ್ನು ಬಹಳ ಕಾಡಿದೆ. 2014ರ ಏಪ್ರಿಲಿನಲ್ಲಿ ನೈಜೀರಿಯಾದ ಚಿಬೊಕ್ ಎಂಬ ಊರಿನ ಶಾಲೆಯಿಂದ 276 ಹುಡುಗಿಯರನ್ನು ಬೊಕೊ ಹರಾಮ್ ಉಗ್ರರು ಹೊತ್ತೊಯ್ದರು. #ಬ್ರಿಂಗ್‌ಬ್ಯಾಕ್‌ಅವರ್‌ಗರ್ಲ್ಸ್, ಅಂದರೆ "ನಮ್ಮ ಹುಡುಗಿಯರನ್ನು ವಾಪಸ್ ತನ್ನಿ" ಎಂಬ ಹ್ಯಾಶ್‌ಟ್ಯಾಗ್ ಇಡೀ ಪ್ರಪಂಚ ಸುತ್ತಿತು. ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮ ಕೂಡ ಅದನ್ನು ಬರೆದ ಚೀಟಿ ಹಿಡಿದು ಫೋಟೋ ಹಾಕಿದರು. ಕೆಲವು ವಾರಗಳಾದ ಮೇಲೆ ಪ್ರಪಂಚ ಬೇರೆ ಸುದ್ದಿಗೆ ಹೋಯಿತು. ಆದರೆ ರಾಜಧಾನಿ ಅಬುಜಾದಲ್ಲಿ ಒಂದು ಗುಂಪು ಕೆಂಪು ಬಟ್ಟೆ ಹಾಕಿಕೊಂಡು ಒಂದು ಕಾರಂಜಿಯ ಹತ್ತಿರ ದಿನಾ ಸೇರುತ್ತಲೇ ಇತ್ತು. 21 ಹುಡುಗಿಯರು ಬಿಡುಗಡೆಯಾದದ್ದು 2016ರ ಅಕ್ಟೋಬರಿನಲ್ಲಿ, ಇನ್ನೂ 82 ಜನ 2017ರ ಮೇ ತಿಂಗಳಲ್ಲಿ, ಮಾತುಕತೆಯಿಂದ. ಎಲ್ಲರೂ ಇನ್ನೂ ಬಂದಿಲ್ಲ. ಹ್ಯಾಶ್‌ಟ್ಯಾಗ್ ಅವರನ್ನು ಬಿಡಿಸಿತು ಎಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಚಿಬೊಕ್ ಎಂಬ ಹೆಸರು ನನಗೆ ಗೊತ್ತಿರುತ್ತಿರಲಿಲ್ಲ ಎನ್ನುವುದೂ ನಿಜ.

ಈಗ ನಿಮ್ಮ ಏರಿಗೆ ವಾಪಸ್ ಬರೋಣ. ಜನ ಯಾಕೆ ಬರಲಿಲ್ಲ?

ಸೋಮಾರಿತನ ಎಂದು ಬೈಯಬೇಡಿ. ನನ್ನ ಅನುಭವದಲ್ಲಿ ಜನ ಪ್ರತಿಭಟನೆಗೆ ಬರುವುದಕ್ಕೆ ಇರುವ ದೊಡ್ಡ ಕಾರಣ ಒಂದೇ: ಪರಿಚಯದವರು ಯಾರಾದರೂ ಅವರನ್ನೇ ನೋಡಿ "ನೀವು ಬರ್ಲೇಬೇಕು" ಎಂದಿರುತ್ತಾರೆ. "ಎಲ್ಲರೂ ಬನ್ನಿ" ಎಂದು ಪೋಸ್ಟ್ ಹಾಕಿದರೆ ಎಲ್ಲರೂ ಬೇರೆಯವರು ಬರುತ್ತಾರೆ ಎಂದುಕೊಳ್ಳುತ್ತಾರೆ. ಮದುವೆಗೆ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದರೆ ಹೋಗುತ್ತೀವಾ? ಮನೆಗೆ ಬಂದು ಅಕ್ಷತೆ ಕೊಟ್ಟು ಕರೆದರೆ ಹೋಗದೆ ಇರುತ್ತೀವಾ?

ಆಮೇಲೆ ಸಣ್ಣ ಸಣ್ಣ ಕಾರಣಗಳು. ಸಂಜೆ ನಾಲ್ಕಕ್ಕೆ ಹೆಂಗಸರು ಬರುವುದು ಕಷ್ಟ, ನೀರು ಬರುವ ಹೊತ್ತು ಅದು. ಏರಿ ಮೇಲೆ ದೀಪ ಇದೆಯಾ? ಹತ್ತಿರ ಶೌಚಾಲಯ ಇದೆಯಾ? ಮಣ್ಣು ಸುರಿಸುವವರು ಯಾರು ಎಂದು ಊರಿಗೆ ಗೊತ್ತಿರುತ್ತದೆ, ಅವರ ಹುಡುಗರು ಬೈಕ್ ಮೇಲೆ ನಿಂತು ನೋಡುತ್ತಿರುತ್ತಾರೆ ಎನ್ನುವ ಭಯವೂ ಇರುತ್ತದೆ. ಪರದೆ ಮೇಲೆ ಈ ಭಯ ಕಡಿಮೆ. ಅದಕ್ಕೇ ಏರಿಗೆ ಬರಲಾಗದವರಿಗೆ ಆನ್‌ಲೈನ್ ದೊಡ್ಡ ಆಸರೆ. ಕಾಲಿಲ್ಲದವರು, ಎಳೆ ಮಗುವಿನ ತಾಯಿ, ಸರ್ಕಾರಿ ನೌಕರರ ಮನೆಯವರು, ಇವರನ್ನೆಲ್ಲ "ಬರೀ ಲೈಕ್ ಒತ್ತುವವರು" ಎಂದು ಹೀಯಾಳಿಸುವುದು ನನಗೆ ಹಿಡಿಸುವುದಿಲ್ಲ. ದೊಡ್ಡಪ್ಪನವರ ಕಾಲದ ಮೆರವಣಿಗೆಗಳಲ್ಲಿ ಹೆಂಗಸರು ಎಷ್ಟು ಜನ ಇದ್ದರು ಎಂದು ಒಮ್ಮೆ ಕೇಳಿ ನೋಡಿ. ಜಗಳ ಆಗದ ಹಾಗೆ ಕೇಳಿ.

ಎದುರಿಗಿರುವ ದಾರಿಗಳು ಯಾವುವು? ಒಂದೊಂದಕ್ಕೂ ಬೆಲೆ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ಕಾಗದ. ಹೋರಾಟಗಾರರಿಗೆ ಇದು ಬೇಸರದ ಕೆಲಸ, ನನಗೆ ಇದೇ ಇಷ್ಟ. ನಿಮ್ಮ ಕೆರೆ ಯಾರದ್ದು? ನಗರಸಭೆಯದ್ದಾ, ಸಣ್ಣ ನೀರಾವರಿಯದ್ದಾ, ಜಿಲ್ಲಾ ಪಂಚಾಯತಿಯದ್ದಾ? ಸಾಮಾನ್ಯವಾಗಿ 40 ಹೆಕ್ಟೇರಿನೊಳಗೆ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) ಇರುವ ಕೆರೆ ಪಂಚಾಯತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ. ಊರು ಬೆಳೆದು ನುಂಗಿದ ಕೆರೆಗಳದ್ದು ಇದಕ್ಕಿಂತ ಗೋಜಲು. ಇದು ಗೊತ್ತಿಲ್ಲದೆ ಟ್ಯಾಗ್ ಮಾಡಿದರೆ ಪ್ರತಿ ಇಲಾಖೆಯೂ "ನಮಗೆ ಬರಲ್ಲ" ಎಂದು ಇನ್ನೊಂದರ ಕಡೆ ಕೈ ತೋರಿಸುತ್ತದೆ. ಸರ್ವೆ ನಂಬರ್ ಹುಡುಕಿ. ಪಹಣಿ, ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ಕಂದಾಯ ದಾಖಲೆ) ತೆಗೆಸಿ. ಕೆರೆಯ ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ ಎಂದು ಅದರಲ್ಲಿರುತ್ತದೆ. ಒತ್ತುವರಿ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಗಡುವು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಎನ್ನುವ ನಿಯಮ ನಮ್ಮ ರಾಜ್ಯದಲ್ಲಿದೆ. ಉತ್ಸಾಹದಲ್ಲಿ ನಾಲ್ಕು ಪುಟ ಬರೆದು ಅರ್ಜಿ ವಾಪಸ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಯಾವ ಮನವಿ ಕೊಟ್ಟರೂ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ. ನಗುತ್ತಾ ಮನವಿ ಸ್ವೀಕರಿಸಿದ ಫೋಟೋಗಿಂತ ಆ ಸೀಲು ಕೋರ್ಟಿನಲ್ಲಿ ಜಾಸ್ತಿ ಮಾತಾಡುತ್ತದೆ. ಈ ದಾರಿಯ ತೊಂದರೆ ಎಂದರೆ ನಿಧಾನ. ಕಾಗದ ಓಡಾಡುವಷ್ಟರಲ್ಲಿ ಟ್ರ್ಯಾಕ್ಟರ್ ಇನ್ನೂ ನೂರು ಲೋಡ್ ಸುರಿಸಿರುತ್ತದೆ.

ಅದಕ್ಕೇ ಏರಿ ಮೇಲೆ ಇರುವುದೂ ಬೇಕು. ದೊಡ್ಡ ಪ್ರತಿಭಟನೆ ಎಂದು ಯೋಚಿಸಬೇಡಿ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಏರಿ ಮೇಲೆ ನಡಿಗೆ. ಪ್ಲಾಸ್ಟಿಕ್ ಹೆಕ್ಕಿ, ಹಕ್ಕಿ ನೋಡಿ, ಮಕ್ಕಳನ್ನು ಕರೆತನ್ನಿ. ಕೊನೆಗೆ ಯಾರಾದರೂ ಫ್ಲಾಸ್ಕಿನಲ್ಲಿ ಕಾಫಿ ತರಲಿ. ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೆಸರು, ಯಾವ ಬೀದಿ, ಫೋನ್ ಬರೆಯಿರಿ. ಅದರ ಮುಂದೆ ಇನ್ನೊಂದು ಅಂಕಣ: ಏನು ಬರುತ್ತೆ? ಒಬ್ಬರಿಗೆ ನಕ್ಷೆ ಓದಲು ಬರುತ್ತೆ. ಇನ್ನೊಬ್ಬರ ಭಾವ ವಕೀಲರು. ಮತ್ತೊಬ್ಬರಿಗೆ ಏನೂ ಬರಲ್ಲ, ಆದರೆ ಅವರ ಮನೆ ಮಹಡಿಯಿಂದ ಟ್ರ್ಯಾಕ್ಟರ್ ಬರುವ ದಾರಿ ಕಾಣುತ್ತೆ. ಅವರೇ ನಿಮಗೆ ಎಲ್ಲರಿಗಿಂತ ಬೇಕಾದವರು. ನಿಮ್ಮ ಒಂಬತ್ತು ಜನ ಈ ಪುಸ್ತಕದ ಮೊದಲ ಪುಟ. ಯಾರೂ ಕೈಹಿಡಿದು ಕರೆಯದೆ, ಒಂದು ಪೋಸ್ಟ್ ನೋಡಿ, ಭಾನುವಾರದ ನಿದ್ದೆ ಬಿಟ್ಟು ಬಂದವರು ಅವರು. ಇನ್ನು ಕರೆದರೆ ಬರದೆ ಇರುತ್ತಾರಾ? ಒಬ್ಬೊಬ್ಬರೂ ಇಬ್ಬರನ್ನು ಕರೆತಂದರೆ ಸಾಕು.

ಈ ಕೆಲಸದಲ್ಲಿ ಒಂದು ಎಚ್ಚರ. ಕೆರೆಗೆ ನಿಮಗಿಂತ ಹಳೆಯ ಸಂಬಂಧಿಕರು ಇದ್ದಾರೆ. ಬಟ್ಟೆ ಒಗೆಯುವ ಮಡಿವಾಳರು, ಮೀನು ಹಿಡಿಯುವವರು, ದನ ಕುರಿ ನೀರಿಗೆ ಬಿಡುವವರು, ಅಂಚಿನಲ್ಲಿ ಶೀಟ್ ಮನೆ ಹಾಕಿಕೊಂಡವರು. ಇವರ ಹತ್ತಿರ ಮಾತಾಡಿದ್ದೀರಾ? ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. "ಕೆರೆ ಉಳಿಸಿ" ಎಂದು ಶುರುವಾದ ಎಷ್ಟೋ ಅಭಿಯಾನ ಕೊನೆಗೆ ಮಣ್ಣು ಸುರಿಸಿದ ದೊಡ್ಡವರನ್ನು ಬಿಟ್ಟು ಶೀಟ್ ಮನೆಯವರನ್ನು ಎಬ್ಬಿಸಿ, ಕಲ್ಲು ಬೆಂಚು ಹಾಕಿ ಮುಗಿದಿವೆ. ಹ್ಯಾಶ್‌ಟ್ಯಾಗಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಖ ನೋಡಿ ಮಾತಾಡಿದರೆ ಮಾತ್ರ ಗೊತ್ತಾಗುತ್ತದೆ.

ಹ್ಯಾಶ್‌ಟ್ಯಾಗ್ ಬಿಡಬೇಡಿ, ಅದಕ್ಕೆ ಬೇರೆ ಕೆಲಸ ಕೊಡಿ. ಟ್ರೆಂಡ್ ಮಾಡುವ ಆಸೆ ಬಿಡಿ. ಅದನ್ನು ಡೈರಿಯ ಹಾಗೆ ಬಳಸಿ. ಪ್ರತಿ ಸಲ ಮಣ್ಣು ಬಿದ್ದಾಗ ಒಂದೇ ಜಾಗದಿಂದ, ಒಂದೇ ಕೋನದಿಂದ ಫೋಟೋ, ತಾರೀಕು, ಸಮಯ. ಆರು ತಿಂಗಳಾದ ಮೇಲೆ ಆ ಸಾಲು ಫೋಟೋ ನೋಡಿದರೆ ನೀರು ಹಿಂದೆ ಸರಿದದ್ದು ಕಾಣುತ್ತದೆ. ಮೂಲ ಫೋಟೋಗಳನ್ನು ಅಳಿಸಬೇಡಿ, ಬೇರೆ ಕಡೆ ಒಂದು ಪ್ರತಿ ಇಡಿ. ದೊಡ್ಡ ಸದ್ದು ಬೇಕಾದ ದಿನ ಬಂದೇ ಬರುತ್ತದೆ. ಸರ್ವೆಗೆ ದಿನ ಗೊತ್ತಾದಾಗ, ಕೋರ್ಟಿನ ಆದೇಶ ಬಂದಾಗ, ನಿಮ್ಮವರಿಗೆ ಯಾರಾದರೂ ಬೆದರಿಕೆ ಹಾಕಿದಾಗ. ಆ ದಿನಕ್ಕೆ ನಟರನ್ನು ಉಳಿಸಿಕೊಳ್ಳಿ. ಈಗಲೇ ಖರ್ಚು ಮಾಡಿಬಿಟ್ಟಿರಿ, ಹೋಗಲಿ, ಮತ್ತೆ ಕೇಳಬಹುದು.

ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅಲ್ಲಿಗೆ ಹೋಗುವುದು ಕೊನೆಯ ದಾರಿ. ಖರ್ಚು, ಓಡಾಟ ಎರಡೂ ಇದೆ, ಕಾಗದ ಇಲ್ಲದೆ ಹೋದರೆ ಬರಿಗೈ. ಇನ್ನೊಂದು ದಾರಿ ನಿಮ್ಮ ವಾರ್ಡಿನ ರಾಜಕೀಯ. ನೀವು ನೂರು ಜನ ಆದ ಕೂಡಲೇ ಯಾವುದಾದರೂ ಪಕ್ಷದವರು ಶಾಮಿಯಾನ ಹಾಕಿಸಿಕೊಡುತ್ತೇವೆ ಎಂದು ಬರುತ್ತಾರೆ. ಶಾಮಿಯಾನ ಅವರದ್ದಾದರೆ ಮೈಕೂ ಅವರದ್ದೇ. ಎಲ್ಲ ಪಕ್ಷದವರಿಗೂ ಮನವಿ ಕೊಡಿ, ಯಾರ ಬಾವುಟದ ಕೆಳಗೂ ನಿಲ್ಲಬೇಡಿ.

ಇನ್ನು ಕೇಸಿನ ಭಯ. ಶಾಂತವಾಗಿ ಸೇರುವುದು, ಮಾತಾಡುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆದರೆ ಅದಕ್ಕೆ ಬೇಲಿಗಳಿವೆ. ನಡಿಗೆಗೆ ಯಾರೂ ಏನೂ ಅನ್ನುವುದಿಲ್ಲ. ಧರಣಿ, ಮೆರವಣಿಗೆ ಎಂದಾಗ ಠಾಣೆಗೆ ಮೊದಲೇ ಬರೆದು ಕೊಟ್ಟು ಅನುಮತಿ ಕೇಳಿ. ಬೆಂಗಳೂರಿನಲ್ಲಾದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಗುಂಪು ಸೇರುವುದನ್ನು ತಡೆಯುವ ನಿಷೇಧಾಜ್ಞೆ ಇದೆಯಾ ನೋಡಿಕೊಳ್ಳಿ. ಜನ ಇನ್ನೂ 144 ಎನ್ನುತ್ತಾರೆ, 2024ರ ಜುಲೈನಿಂದ ಹೊಸ ಕಾನೂನಿನಲ್ಲಿ ಅದು 163. ರಸ್ತೆ ತಡೆಯಬೇಡಿ. ಟ್ರ್ಯಾಕ್ಟರ್ ಮುಂದೆ ಅಡ್ಡ ಮಲಗುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಠಾಣೆಯಲ್ಲಿ ಅಲ್ಲ.

ಆನ್‌ಲೈನ್ ಎಂದರೆ ಅಪಾಯವಿಲ್ಲ ಎಂದುಕೊಳ್ಳುವುದು ಇನ್ನೊಂದು ತಪ್ಪು. ಪೋಸ್ಟ್ ಹಾಕಿದ್ದಕ್ಕೆ ಬಂಧಿಸಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚಿನಲ್ಲೇ ರದ್ದು ಮಾಡಿತು. ಆದರೂ 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆಯೊಬ್ಬರನ್ನು ದೆಹಲಿ ಪೊಲೀಸರು ಬಂಧಿಸಿದರು. ರೈತ ಹೋರಾಟದ ಬಗ್ಗೆ ಹಂಚಿಕೊಂಡ ಒಂದು ಆನ್‌ಲೈನ್ ದಾಖಲೆ ಅದಕ್ಕೆ ಕಾರಣ. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ನಿಮ್ಮ ಕೆರೆ ವಿಷಯ ಅಷ್ಟು ದೊಡ್ಡದಾಗುತ್ತೆ ಎಂದು ನಾನು ಹೆದರಿಸುತ್ತಿಲ್ಲ. ನಿಮ್ಮ ಮಟ್ಟದಲ್ಲಿ ನಿಜವಾಗಿ ಬರುವುದು ಮಾನನಷ್ಟದ ನೋಟಿಸ್. ಅದಕ್ಕೇ "ಇಂಥವರು ಕೆರೆ ನುಂಗಿದರು" ಎಂದು ಬರೆಯಬೇಡಿ. "ಇಂಥ ದಿನ, ಇಷ್ಟು ಹೊತ್ತಿಗೆ, ಇಲ್ಲಿ ಮಣ್ಣು ಸುರಿಯಲಾಗಿದೆ, ಅನುಮತಿ ಕೊಟ್ಟವರು ಯಾರು?" ಎಂದು ಕೇಳಿ. ಪ್ರಶ್ನೆ ಕೇಳಿದವರ ಮೇಲೆ ಮೊಕದ್ದಮೆ ಹಾಕುವುದು ಕಷ್ಟ.

ಕಾಲೇಜಿನ ಹಿರಿಯರ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಅದಕ್ಕೆ ಹೆದರಲೂ ಬೇಡಿ. ನಿಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದಿ. ಸರ್ಕಾರಿ ನೌಕರರಿಗಾದರೆ ನಡತೆ ನಿಯಮಗಳು ಬಿಗಿ, ನಿಮ್ಮದು ಖಾಸಗಿ, ಅಲ್ಲಿ ಏನು ಬರೆದಿದೆಯೋ ಅದು. ಕಾಲೇಜಿನ ಹೆಸರು, ವಿದ್ಯಾರ್ಥಿಗಳ ಗುಂಪು, ಕಾಲೇಜಿನ ಸಮಯ ಈ ಮೂರನ್ನೂ ಹೊರಗಿಡಿ. ಮನವಿಗೆ ಮೊದಲ ಸಹಿ ನಿಮ್ಮದೇ ಆಗಬೇಕೆಂದಿಲ್ಲ. ನಿವೃತ್ತರೊಬ್ಬರು ಅಧ್ಯಕ್ಷರಾಗಲಿ. ಅವರಿಗೆ ಬೆಳಿಗ್ಗೆ ಹೊತ್ತೂ ಇರುತ್ತದೆ, ಕಳೆದುಕೊಳ್ಳುವ ಕೆಲಸವೂ ಇರುವುದಿಲ್ಲ.

ಆ ನಿವೃತ್ತರು ನಿಮ್ಮ ದೊಡ್ಡಪ್ಪನೇ ಯಾಕಾಗಬಾರದು? ಕಾಲಲ್ಲಿ ಚಳವಳಿ ಮಾಡಿದವರು ತಾನೇ. ಈ ಭಾನುವಾರ ಏರಿಗೆ ಕರೆದುಕೊಂಡು ಹೋಗಿ, ನೋಟ್‌ಬುಕ್ ಅವರ ಕೈಗೆ ಕೊಡಿ. ಮನೆ ಮನೆಗೆ ಹೋಗಿ ಕರೆಯುವುದು ಹೇಗೆ ಎಂದು ಅವರು ನಿಮಗೆ ತೋರಿಸಲಿ, ಫೋಟೋಗೆ ತಾರೀಕು ಹಾಕುವುದು ಹೇಗೆ ಎಂದು ನೀವು ಅವರಿಗೆ. ಮಾಹಿತಿ ಹಕ್ಕಿನ ಉತ್ತರ ಬಂದ ಮೇಲೆ ಆ ಹಾಳೆಗಳ ಪ್ರತಿಯನ್ನೂ ಗ್ರಾಮ ನಕ್ಷೆಯನ್ನೂ ನನಗೆ ಕಳಿಸಿ. ವಿಸ್ತೀರ್ಣದ ಲೆಕ್ಕ ಎಲ್ಲಿ ತಪ್ಪಿದೆ ಎಂದು ಕೂತು ನೋಡೋಣ.